ಗಂಟು ಬಿದ್ದ ಪೊಟ್ಟಣಗಳು

“ಗುರುಗಳೇ, ಹೌದು, ಇಲ್ಲ ಎಂದು ಬರೆದದ್ದನ್ನೆಲ್ಲ ಒಂದೊಂದಾಗಿ ಓದಲೇಬೇಕೇ? ಏನಾದರೂ ಬರೆದಿದ್ದರೆ ಹೌದು, ಖಾಲಿ ಬಿಟ್ಟಿದ್ದರೆ ಇಲ್ಲ ಎಂದು ಕಂಪ್ಯೂಟರಿಗೆ ಹೇಳಿಬಿಟ್ಟರೆ ಸಾಲದೇ?” ಎಂದು ರೇವಣಸಿದ್ಧ ಕೇಳಿದ.

ಮಠದ ಔಷಧಾಲಯದ ಪಟ್ಟಿಯನ್ನು ಅವನಿಗೆ ವಹಿಸಿದ್ದರು. ಪಟ್ಟಿಯೊಳಗೆ ಊರು, ಊರಿನೊಳಗೆ ಮನೆ, ಮನೆಯೊಳಗೆ ಜನ. ಒಬ್ಬೊಬ್ಬರ ಹೆಸರಿನೆದುರೂ ಚುಚ್ಚುಮದ್ದು ಒಗ್ಗುತ್ತದೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ಅಕ್ಷರದಲ್ಲಿ ಉತ್ತರ. ಕಂಪ್ಯೂಟರಿಗೆ ಅಕ್ಷರ ಬೇಡ, ಉಂಟೋ ಇಲ್ಲವೋ ಎಂಬ ಗುರುತು ಸಾಕು. ನಾಳೆ ಶಿಬಿರಕ್ಕೆ ಬರುವ ವೈದ್ಯರು ಆ ಗುರುತು ನೋಡಿಯೇ ಸೂಜಿ ಹಿಡಿಯುವವರು. ರೇವಣಸಿದ್ಧನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಮ್ಮೆ ಕೀಲಿ ಒತ್ತಿ ಕೈ ತೊಳೆದುಕೊಂಡರೆ ಸಾಕಾಗಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ನಾಟಿವೈದ್ಯನಿದ್ದ. ಅವನ ಪೆಟ್ಟಿಗೆಯೊಳಗೆ ಡಬ್ಬಿಗಳು, ಡಬ್ಬಿಗಳೊಳಗೆ ಬೇರಿನ ಪೊಟ್ಟಣಗಳು. ಆ ಬೇರು ಹಾಗೇ ತಿಂದರೆ ವಿಷ, ಗೋಮೂತ್ರದಲ್ಲಿ ನೆನೆಸಿ ಶುದ್ಧಿ ಮಾಡಿದರೆ ಜ್ವರಕ್ಕೆ ಮದ್ದು. ಶುದ್ಧಿಯಾಗಿದೆ ಅಥವಾ ಶುದ್ಧಿಯಾಗಿಲ್ಲ ಎಂದು ಚೀಟಿ ಬರೆದು ಪ್ರತಿ ಪೊಟ್ಟಣದಲ್ಲೂ ಇಡುವುದು ಆ ಮನೆಯ ಪದ್ಧತಿ.

ವೈದ್ಯನ ಕಣ್ಣು ಮಂಜಾಯಿತು. ಅಕ್ಷರ ಕಾಣದಾದ ಮೇಲೆ ಅವನು ಅಳಿಯನನ್ನು ಕರೆದು, ಶುದ್ಧಿಯಾದ ಪೊಟ್ಟಣಕ್ಕೆ ದಾರದ ಗಂಟು ಹಾಕು, ಆಗದ್ದನ್ನು ಹಾಗೇ ಬಿಡು, ನಾನು ಬೆರಳಲ್ಲಿ ಮುಟ್ಟಿ ತಿಳಿಯುತ್ತೇನೆ ಎಂದ.

ಅಳಿಯನಿಗೆ ಸದಾ ಅವಸರ. ಪೆಟ್ಟಿಗೆ ತೆಗೆ, ಡಬ್ಬಿ ತೆಗೆ, ಪೊಟ್ಟಣ ಬಿಚ್ಚು, ಓದು, ಮತ್ತೆ ಕಟ್ಟು. ಹತ್ತು ಮುಗಿಯುವಷ್ಟರಲ್ಲಿ ಅವನ ತಾಳ್ಮೆ ಮುಗಿಯಿತು. ಉಳಿದ ಪೊಟ್ಟಣಗಳನ್ನು ಹೊರಗಿನಿಂದಲೇ ಹಿಸುಕಿ ನೋಡಿದ. ಒಳಗೆ ಕಾಗದ ಸದ್ದು ಮಾಡಿದರೆ ಗಂಟು. ಎಲ್ಲವೂ ಸದ್ದು ಮಾಡಿದವು. ಎಲ್ಲಕ್ಕೂ ಗಂಟು ಬಿತ್ತು. ಮಧ್ಯಾಹ್ನದೊಳಗೆ ಕೆಲಸ ಮುಗಿಸಿದೆನೆಂದು ಬೀಗಿದ ಮಹಾನುಭಾವ.

ಮೂರನೆಯ ದಿನ ಅಳಿಯನ ಹೆಂಡತಿಗೆ ಜ್ವರ ಏರಿತು. ವೈದ್ಯ ಪೆಟ್ಟಿಗೆಗೆ ಕೈ ಹಾಕಿ, ಗಂಟು ಮುಟ್ಟಿ, ಬೇರು ತೇಯತೊಡಗಿದ. ಅಳಿಯ ಒಳಗೂ ಹೊರಗೂ ಓಡಾಡಿದ. ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಹೆಂಡತಿ. ಮದ್ದು ಕುಡಿಸುವ ಒಳಲೆ ಅವಳ ತುಟಿಗೆ ಬಂದಾಗ ಅವನು ನುಗ್ಗಿ ಮಾವನ ಕೈ ಹಿಡಿದ.

“ಮಾವ, ಕೊಡಬೇಡಿ! ಚೀಟಿ ಇದೆಯೆಂದು ಗಂಟು ಹಾಕಿದೆ, ಓದಲಿಲ್ಲ.”

“ಚೀಟಿಯಿಲ್ಲದ ಪೊಟ್ಟಣ ಈ ಮನೆಯಲ್ಲಿ ಯಾವತ್ತು ಇತ್ತಪ್ಪಾ?” ಎಂದ ವೈದ್ಯ.

ಬಿಚ್ಚಿದ ಪೊಟ್ಟಣದ ಚೀಟಿಯನ್ನು ಅಳಿಯ ಓದಿದ. ಶುದ್ಧಿಯಾಗಿಲ್ಲ ಎಂದಿತ್ತು. ವೈದ್ಯ ಒಳಲೆಯಲ್ಲಿದ್ದುದನ್ನು ಚೆಲ್ಲಿದ. ಈಗ ಯಾವ ಗಂಟನ್ನೂ ನಂಬುವಂತಿರಲಿಲ್ಲ. ಅವಳು ಅತ್ತ ಜ್ವರದಲ್ಲಿ ಕನವರಿಸುತ್ತಿದ್ದರೆ ಅಳಿಯ ಇತ್ತ ಒಂದೊಂದೇ ಡಬ್ಬಿ ತೆಗೆದು, ಒಂದೊಂದೇ ಗಂಟು ಬಿಚ್ಚಿ, ಒಂದೊಂದೇ ಚೀಟಿ ಓದತೊಡಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ರೇವಣಸಿದ್ಧನಿಗೆ ತಡೆಯಲಾಗಲಿಲ್ಲ.

“ಅವಳು ಉಳಿದಳೇ, ಗುರುಗಳೇ?”

“ನಿನ್ನ ತಾಯಿಯ ಹೆಸರೂ ಆ ಪಟ್ಟಿಯಲ್ಲಿದೆ, ಅದರೆದುರು ಏನು ಬರೆದಿದೆ?”