ಕೋಡಿ ಕಟ್ಟುವ ಮಸೂದೆ

ಹಕ್ಕಿನಾಡಿನ ಮಹಾಸಭೆಯಲ್ಲಿ ಕೊಕ್ಕರೆಗಳ ಪಕ್ಷಕ್ಕೆ ನೀರುಕಾಗೆಗಳ ಪಕ್ಷಕ್ಕಿಂತ ಒಂದೇ ಒಂದು ಸ್ಥಾನ ಹೆಚ್ಚಿತ್ತು. ಅವಧಿ ಅರ್ಧ ಕಳೆಯುವಷ್ಟರಲ್ಲಿ ಸಭೆಯ ಮುದಿ ಕೊಕ್ಕರೆಯೊಂದು ತೀರಿಕೊಂಡಿತು. ಆ ಸ್ಥಾನಕ್ಕೆ ನಡೆದ ಉಪಚುನಾವಣೆಯಲ್ಲಿ ನೀರುಕಾಗೆಯೊಂದು ಗೆದ್ದು, ಬಹುಮತ ಆ ಕಡೆಗೆ ವಾಲಿತು.

ಮುಳುಗಿ ಮೀನು ಹಿಡಿಯುವ ನೀರುಕಾಗೆಗಳಿಗೆ ಕೆರೆ ಆಳವಾಗಬೇಕಿತ್ತು. ಹೆಚ್ಚಿನ ನೀರು ಹರಿದುಹೋಗುವ ಕೋಡಿಯನ್ನು ಕೆಸರಿನಿಂದ ಕಟ್ಟುವ ಮಸೂದೆಯನ್ನು ಅವು ಮೊದಲ ದಿನವೇ ಮಂಡಿಸಿದವು. ಅಧಿಕಾರ ಕಳೆದುಕೊಂಡ ಕೊಕ್ಕರೆಗಳ ನಾಯಕಿ ಮುಂದೆ ಬಂದಳು.

"ಮಾನ್ಯರೇ, ನಮ್ಮ ಗೂಡುಗಳು ದಡದ ಜೊಂಡಿನಲ್ಲಿವೆ. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ಈಗ ನೀರು ಏರಿದರೆ ಒಂದೂ ಉಳಿಯುವುದಿಲ್ಲ."

"ನೀವು ಆಳುವಾಗ ನಮ್ಮ ಹಸಿವನ್ನು ಕೇಳಿದ್ದಿರಾ?" ಎಂದು ಹೊಸ ಸದಸ್ಯ ಕೆಣಕಿದ.

"ಕೇಳಲಿಲ್ಲ. ಅದು ತಪ್ಪೇ. ಅದಕ್ಕೆ ನಮ್ಮನ್ನು ಶಿಕ್ಷಿಸಿ, ಮರಿಗಳನ್ನಲ್ಲ."

ನೀರುಕಾಗೆಗಳ ನಾಯಕ ತನ್ನವರ ಕಡೆ ತಿರುಗಿದ.

"ಒಂದು ಸಾವು ನಮ್ಮನ್ನು ಈ ಕಡೆ ಕೂರಿಸಿದೆ. ಇನ್ನೊಂದು ಸಾವು ಮತ್ತೆ ಆ ಕಡೆ ಕೂರಿಸೀತು. ಆಗ ಗೂಡಿನಲ್ಲಿ ನಮ್ಮ ಮರಿಗಳಿರಬಹುದು. ಕೋಡಿ ಕಟ್ಟೋಣ, ಆದರೆ ಈ ಮರಿಗಳು ಹಾರಿದ ಮೇಲೆ. ಒಪ್ಪುವವರು ರೆಕ್ಕೆ ಎತ್ತಿ."

ಎರಡೂ ಕಡೆಯ ರೆಕ್ಕೆಗಳು ಮೇಲೆದ್ದವು. ಎಲ್ಲರಿಗಿಂತ ಕೊನೆಗೆ ಹೊಸ ಸದಸ್ಯನೂ ಎತ್ತಿದ.

ಬೆಳಗಿನಿಂದ ಎರಡೂ ಕಾಲೂರಿ ಬಿಗಿಯಾಗಿ ನಿಂತಿದ್ದ ಕೊಕ್ಕರೆಗಳ ನಾಯಕಿ ಒಂದು ಕಾಲನ್ನು ಮೆಲ್ಲಗೆ ಮಡಚಿಕೊಂಡು, ವಿರೋಧ ಪಕ್ಷದ ಜಾಗದಲ್ಲೇ ನೆಮ್ಮದಿಯಿಂದ ತೂಕಡಿಸತೊಡಗಿದಳು.