ಯಾರು ಸರಿ?

“ಬುದ್ಧಿ, ಕೊಟ್ರಯ್ಯ ಸರಿಯೋ, ನಾನು ಸರಿಯೋ? ಒಂದೇ ಮಾತಿನಲ್ಲಿ ಹೇಳಿಬಿಡಿ. ಆಮೇಲೆ ಇರುವುದೋ ಹೋಗುವುದೋ ನಾನು ನೋಡಿಕೊಳ್ಳುತ್ತೇನೆ.”

ಹೀಗೆ ಕೇಳಿದವನು ಮರುಳಯ್ಯ. ಗುಡ್ಡದ ಮೇಲಿನ ಮಠದಲ್ಲಿ ಹನ್ನೊಂದು ವರ್ಷದಿಂದ ಇದ್ದ ಶಿಷ್ಯ. ಕೇಳುವ ಹೊತ್ತಿಗೆ ಅವನು ಜೋಳಿಗೆ ಕಟ್ಟಿ ಮುಗಿಸಿದ್ದ. ಬೆಳಗಿನ ಪೂಜೆ ಮುಗಿದು ಗುರುಗಳು ದಾಸೋಹದ ಮನೆಯೊಳಗೆ ಚಾಪೆಯ ಮೇಲೆ ಕೂತಿದ್ದರು. ಮರುಳಯ್ಯ ಒಳಗೆ ಬರಲಿಲ್ಲ. ಬೆನ್ನು ಹೊರಗೆ, ಮುಖ ಒಳಗೆ ಮಾಡಿಕೊಂಡು ಹೊಸಿಲ ಮೇಲೆಯೇ ಕೂತ. ಅದು ಕಿರಿದಾದ ಬಾಗಿಲು. ಒಬ್ಬ ಮನುಷ್ಯ ಕೂತರೆ ಮುಗಿಯಿತು. ಹೊಸಿಲ ಮೇಲೆ ಕೂರಬೇಡವೋ ಎಂದು ಗುರುಗಳು ಮೊದಮೊದಲು ಗದರುತ್ತಿದ್ದರು. ಹೇಳಿದ್ದು ಕೇಳುವ ಆಸಾಮಿ ಇವನಲ್ಲ ಎಂದು ಆಮೇಲೆ ಸುಮ್ಮನಾಗಿದ್ದರು.

ಜಗಳ ಹುಟ್ಟಿದ್ದು ಕೆಂಚಮ್ಮನ ವಿಷಯಕ್ಕೆ. ಕೆಂಚಮ್ಮ ಕೆಳಗಿನ ಊರಿನ ಹೊರಗೇರಿಯವಳು. ದಿನವೂ ಬೆಳಿಗ್ಗೆ ಮಠಕ್ಕೆ ಒಂದು ಹೊರೆ ಸೌದೆ ತರುತ್ತಿದ್ದಳು. ಅಂಗಳದ ಆಚೆ ಒಂದು ಚಪ್ಪಡಿ ಕಲ್ಲಿತ್ತು. ಸೌದೆಯನ್ನು ಆ ಕಲ್ಲಿನ ಹತ್ತಿರ ಇಳಿಸಬೇಕು, ಒಳಗಿನವರು ಯಾರಾದರೂ ಹೋಗಿ ಎತ್ತಿಕೊಂಡು ಬರಬೇಕು. ಅವಳ ಊಟವೂ ಆ ಕಲ್ಲಿನ ಮೇಲೆಯೇ. ಯಾರು ಮಾಡಿದ ಕಟ್ಟಳೆಯೋ ಯಾರಿಗೂ ಗೊತ್ತಿರಲಿಲ್ಲ. ಯುಗಾದಿಯ ದಿನ ಮರುಳಯ್ಯ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದಾಗ ಬಾಗಿಲಿನಿಂದ ಆಚೆ ನೋಡಿದ. ಗಾಳಿ ಜೋರಾಗಿ ಬೀಸುತ್ತಿತ್ತು. ಕೆಂಚಮ್ಮ ಒಂದು ಕೈಯಲ್ಲಿ ಎಲೆ ಹಾರದಂತೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದಳು. ತಾನು ಉಣ್ಣುತ್ತಿರುವ ಅನ್ನ ಅವಳು ತಂದ ಸೌದೆಯಿಂದಲೇ ಬೆಂದದ್ದು ಎಂಬುದು ಅವನಿಗೆ ಅವತ್ತು ಹೊಳೆಯಿತು. ತುತ್ತು ಇಳಿಯಲಿಲ್ಲ.

ಕೊಟ್ರಯ್ಯ ಅವನ ಗೆಳೆಯ, ಒಂದೇ ಕೋಣೆಯಲ್ಲಿ ಮಲಗುವವನು. ಅವನಿಗೂ ಅದೇ ಸಂಕಟ. ಆದರೆ ದಾರಿ ಬೇರೆ. ಗುರುಗಳು ಅಪ್ಪಣೆ ಕೊಡಬೇಕು, ನಾಳೆಯಿಂದಲೇ ಅವಳು ಒಳಗೆ ಬರಬೇಕು ಎಂಬುದು ಮರುಳಯ್ಯನ ವಾದ. ಮೊದಲು ಭಕ್ತರ ಮನೆ ಮನೆಗೆ ಹೋಗಿ ಮನಸ್ಸು ತಿರುಗಿಸಬೇಕು, ಇಲ್ಲವಾದರೆ ಅವರು ಮಠಕ್ಕೆ ಕಾಳುಕಡಿ ಕೊಡುವುದನ್ನೇ ನಿಲ್ಲಿಸುತ್ತಾರೆ, ನೂರು ಜನರ ಊಟಕ್ಕೆ ಕಲ್ಲು ಬೀಳುತ್ತದೆ ಎಂಬುದು ಕೊಟ್ರಯ್ಯನ ವಾದ. ಯುಗಾದಿಗೆ ಹತ್ತಿದ ಮಾತು ಕಾರ್ತಿಕ ಬಂದರೂ ಮುಗಿದಿರಲಿಲ್ಲ. ಒಂದು ತಿಂಗಳಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ.

ಗುರುಗಳು ಜೋಳಿಗೆಯನ್ನು ನೋಡಿದರು, ಮರುಳಯ್ಯನನ್ನು ನೋಡಿದರು.

“ಒಂದೇ ಮಾತಿನಲ್ಲಿ ತಾನೇ? ಆಗಲಿ, ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಒಂದು ಕತೆ ಇದೆ. ಕತೆ ಕೇಳದೆ ಆ ಮಾತು ಕೇಳಿದರೆ ನಿನಗೆ ತಿಳಿಯುವುದಿಲ್ಲ.”

“ಕತೆ ಬೇಡ ಬುದ್ಧಿ. ನನಗೆ ಹೊತ್ತಾಗುತ್ತದೆ.”

“ಗುಡ್ಡ ಇಳಿಯುವುದಕ್ಕೆ ಅದೆಷ್ಟು ಹೊತ್ತಪ್ಪಾ! ಏರುವವರಿಗೇ ಇಲ್ಲದ ಅವಸರ ನಿನಗೇಕೆ?” ಎಂದು ಗುರುಗಳು ಅವನ ಹೆಗಲ ಮೇಲಿಂದ ಆಚೆ, ಗುಡ್ಡದ ಕಾಲುದಾರಿಯ ಕಡೆ ಕಣ್ಣು ಹಾಯಿಸಿ ಕತೆ ಶುರು ಮಾಡಿದರು.

ಒಂದು ಊರು. ಊರಿಗೆಲ್ಲ ಸಿಹಿನೀರಿನ ಬಾವಿ ಒಂದೇ. ಸುತ್ತ ಕಲ್ಲಿನ ಗೋಡೆ, ಇಳಿಯಲು ಮೆಟ್ಟಿಲು. ಗೋಡೆಯಲ್ಲಿ ಬಿಟ್ಟ ಕಂಡಿ ಒಂದು ಕೊಡ ಹೊತ್ತ ಹೆಂಗಸು ಹೋಗಿ ಬರುವಷ್ಟೇ ಅಗಲ. ಆ ಊರಿನ ಹೊರಗೇರಿಯಲ್ಲಿ ಒಬ್ಬ ಹೆಂಗಸಿದ್ದಳು. ಅವಳು ಮೆಟ್ಟಿಲು ತುಳಿಯುವಂತಿರಲಿಲ್ಲ. ದೂರ ಕೂತು ಕಾಯಬೇಕು. ನೀರಿಗೆ ಬಂದವರಲ್ಲಿ ಯಾರಿಗಾದರೂ ಕನಿಕರ ಬಂದರೆ ಅವಳ ಕೊಡಕ್ಕೆ ಮೇಲಿನಿಂದ ಸುರಿಯುತ್ತಿದ್ದರು. ಬಾರದಿದ್ದರೆ ಇಲ್ಲ.

ಅವಳು ಬೀದಿಯಲ್ಲಿ ನಡೆದರೆ ಎದುರು ಬಂದವರು ಹೇಳುತ್ತಿದ್ದ ಮಾತು ಒಂದೇ. ಸರಿ. ಸರಿ ಅತ್ತ. ದೂರ ಸರಿ. ಅವ್ವಾ ಎನ್ನುವುದನ್ನು ಕಲಿಯುವ ಮೊದಲೇ ಅವಳು ಆ ಮಾತು ಕಲಿತಿದ್ದಳು. ನಮಗೆಲ್ಲ ಸರಿ ಎಂಬುದಕ್ಕೆ ಎರಡು ಅರ್ಥ ಉಂಟು. ಅವಳಿಗೆ ಇದ್ದದ್ದು ಒಂದೇ ಅರ್ಥ.

ಅದೇ ಊರಿನಲ್ಲಿ ಒಬ್ಬ ರೈತ, ಒಬ್ಬ ವರ್ತಕ. ಇಬ್ಬರೂ ಒಳ್ಳೆಯವರು. ನಾನು ಹಾಸ್ಯಕ್ಕೆ ಹೇಳುತ್ತಿಲ್ಲ ಮರುಳಯ್ಯ, ನಿಜವಾಗಿ ಒಳ್ಳೆಯವರು. ಅವಳು ಬಿಸಿಲಲ್ಲಿ ಕೂತಿರುವುದನ್ನು ಕಂಡು ಇಬ್ಬರ ಕರುಳೂ ಚುರ್ ಎಂದಿತ್ತು. ಇದು ನಿಲ್ಲಬೇಕು ಎಂದು ಇಬ್ಬರೂ ಬಾಯಿಬಿಟ್ಟು ಹೇಳಿದರು. ಆ ಊರಿನಲ್ಲಿ ಹಾಗೆ ಹೇಳಿದವರಲ್ಲಿ ಅವರೇ ಮೊದಲಿಗರು. ಅದಕ್ಕಾಗಿ ಬೈಗುಳ ತಿಂದರು, ನೆಂಟರನ್ನು ಕಳೆದುಕೊಂಡರು.

ವರ್ತಕ ನಾಲ್ಕು ಊರು ತಿರುಗಿದವನು. ಅರಸನ ಹತ್ತಿರ ಹೋಗೋಣ, ಬಾವಿ ಎಲ್ಲರದು ಎಂದು ಮುದ್ರೆ ಒತ್ತಿದ ಆಜ್ಞೆ ತರೋಣ, ಮನಸ್ಸು ಆಮೇಲೆ ತಾನೇ ದಾರಿಗೆ ಬರುತ್ತದೆ ಎಂದ. ರೈತ ಒಪ್ಪಲಿಲ್ಲ. ಪಕ್ಕದ ಊರಿಗೆ ಹಾಗೆಯೇ ಆಜ್ಞೆ ಬಂದಿತ್ತು, ಮಾರನೆಯ ದಿನ ಬಾವಿಯಲ್ಲಿ ಸತ್ತ ನಾಯಿ ತೇಲುತ್ತಿತ್ತು, ಯಾರಿಗೂ ನೀರಿಲ್ಲದಂತಾಯಿತು ಎಂದ. ಮನೆ ಮನೆಗೆ ಹೋಗಿ ಹೇಳೋಣ, ತಡವಾದರೂ ನಿಲ್ಲುವ ಕೆಲಸ ಎಂದ. ಅದಕ್ಕೆ ವರ್ತಕ, ನೀನು ಗೌಡನ ಮನಸ್ಸು ತಿರುಗಿಸಲು ಒಂಬತ್ತು ವರ್ಷ ಓಡಾಡಿದೆ, ಅವನು ಒಪ್ಪಿದ ವರ್ಷವೇ ಸತ್ತ, ಈಗ ಅವನ ಮಗನ ಹತ್ತಿರ ಮತ್ತೆ ಮೊದಲಿನಿಂದ ಶುರು ಮಾಡಿದ್ದೀಯ ಎಂದ. ರೈತ ಹೇಳಿದ್ದೂ ನಡೆದದ್ದೇ, ವರ್ತಕ ಹೇಳಿದ್ದೂ ನಡೆದದ್ದೇ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ.

“ವರ್ತಕನದೇ ಸರಿಯಾದ ಮಾತು” ಎಂದ ಮರುಳಯ್ಯ.

“ತಡಿ” ಎಂದರು ಗುರುಗಳು.

ಇಬ್ಬರ ವಾದ ದಿನಾ ನಡೆಯುತ್ತಿತ್ತು. ಎಲ್ಲಿ? ಬಾವಿಯ ಹತ್ತಿರವೇ. ಜನ ಸೇರುವ ಜಾಗ ಅದು, ಮಾತು ಬಾವಿಯದು. ಕಂಡಿಯ ಮೊದಲ ಮೆಟ್ಟಿಲ ಮೇಲೆ ಒಬ್ಬ ಈ ಗೋಡೆಗೆ ಒರಗಿ, ಒಬ್ಬ ಆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಅಲ್ಲಿ ನೆರಳೂ ಇತ್ತು. ನೀರಿಗೆ ಬಂದ ಹೆಂಗಸರು ಅಣ್ಣಾ ದಾರಿ ಬಿಡಿ ಎಂದರೆ ಇಬ್ಬರೂ ಸರಿದು ದಾರಿ ಬಿಡುತ್ತಿದ್ದರು, ಮತ್ತೆ ಒರಗುತ್ತಿದ್ದರು. ವರ್ಷಗಳು ಹೋದವು. ಊರಿನಲ್ಲಿ ಆಜ್ಞೆಯವರು, ಮನಸ್ಸಿನವರು ಎಂದು ಎರಡು ಪಂಗಡ ಆದವು. ಎರಡೂ ಪಂಗಡದವರು ಆ ಹೆಂಗಸಿನ ಹೆಸರು ಹೇಳಿಯೇ ಮಾತು ತೆಗೆಯುತ್ತಿದ್ದರು. ಅವಳು ಮಾತ್ರ ದೂರದಲ್ಲಿ ಕೊಡ ಇಟ್ಟುಕೊಂಡು ಕೂತಿರುತ್ತಿದ್ದಳು.

ಗುರುಗಳು ಮತ್ತೊಮ್ಮೆ ಮರುಳಯ್ಯನ ಹೆಗಲಾಚೆ ನೋಡಿದರು. ಮೋಡ ನೋಡುತ್ತಿದ್ದಾರೆ ಎಂದುಕೊಂಡ ಅವನು.

ಒಂದು ಮಧ್ಯಾಹ್ನ ಆ ಹೆಂಗಸಿನ ಮಗಳಿಗೆ ಬೇನೆ ಶುರುವಾಯಿತು. ಚೊಚ್ಚಲು ಬಸುರಿ. ಮನೆಯಲ್ಲಿದ್ದ ನೀರೆಲ್ಲ ಮುಗಿಯಿತು. ನೀರು ತಾರೇ, ಬೇಗ ತಾರೇ ಎಂದು ಸೂಲಗಿತ್ತಿ ಕೂಗಿದಳು. ಇವಳು ಕೊಡ ಎತ್ತಿಕೊಂಡು ಓಡಿದಳು. ಸುಡು ಬಿಸಿಲು. ಬಾವಿಯ ಹತ್ತಿರ ಒಬ್ಬ ಹೆಂಗಸೂ ಇರಲಿಲ್ಲ. ಮೆಟ್ಟಿಲ ಮೇಲೆ ಈ ಇಬ್ಬರೇ ಇದ್ದರು. ದೂರ ಕೂತು ಕಾಯುವಷ್ಟು ವೇಳೆ ಅವಳಿಗೆ ಇರಲಿಲ್ಲ. ನೆಟ್ಟಗೆ ಕಂಡಿಯ ತನಕ ಬಂದು ನಿಂತಳು. ಅಲ್ಲಿಯ ತನಕ ಅವಳು ಯಾವತ್ತೂ ಬಂದಿರಲಿಲ್ಲ.

ಇಬ್ಬರಿಗೂ ಅವಳನ್ನು ಕಂಡು ಸಂತೋಷವೇ ಆಯಿತು. “ಬಾರವ್ವಾ, ಒಳ್ಳೇ ಹೊತ್ತಿಗೆ ಬಂದೆ. ನಿನ್ನ ಮಾತೇ ಆಡ್ತಾ ಇದ್ವಿ” ಎಂದ ವರ್ತಕ.

“ಅಯ್ಯೋ, ಇಷ್ಟು ವರ್ಷ ಈಕೆಯನ್ನೇ ಕೇಳಲಿಲ್ಲವಲ್ಲ ನಾವು!” ಎಂದ ರೈತ. “ನೀನೇ ಹೇಳವ್ವಾ. ನಮ್ಮಿಬ್ಬರಲ್ಲಿ ಯಾರು ಸರಿ?”

ಅವಳು ಏದುಸಿರು ಬಿಡುತ್ತ ಹೇಳಿದಳು: “ಇಬ್ಬರೂ ಸರೀರಿ.”

ಇಬ್ಬರೂ ಸರಿ, ರೀ ಎಂದು ಅವರಿಗೆ ಕೇಳಿಸಿತು. ರೈತನ ಕಣ್ಣು ತುಂಬಿ ಬಂತು. ನೋಡಿದೆಯಾ, ಎಂಥ ದೊಡ್ಡ ಮನಸ್ಸು ಎಂದ. ವರ್ತಕ ಬಿಡಲಿಲ್ಲ. ಅದು ಹೇಗಾಗುತ್ತದೆ, ಇಬ್ಬರೂ ಸರಿ ಆಗಲು ಬರುವುದಿಲ್ಲ, ಹೆದರಬೇಡ, ಒಬ್ಬರನ್ನು ಹೇಳು ಎಂದ.

“ಇಬ್ಬರೂ ಸರೀರಿ ನನ್ನಪ್ಪಾ! ಸರೀರಿ!” ಎಂದಳು ಅವಳು.

ಮರುಳಯ್ಯನಿಗೆ ನಗು ತಡೆಯಲಾಗಲಿಲ್ಲ. “ಅಲ್ಲ ಬುದ್ಧಿ, ಎಂಥ ಮಂಕುಗಳು! ಸರೀರಿ ಅಂದರೆ ಪಕ್ಕಕ್ಕೆ ಸರಿಯಿರಿ ಅಂತ ತಾನೇ ಅವಳು ಹೇಳಿದ್ದು?”

ಗುರುಗಳು ನಗಲಿಲ್ಲ.

ಅವಳು ಹೇಳಿದ ಇಬ್ಬರೂ ಎಂಬುದಕ್ಕೆ ಏನು ಅರ್ಥ ಎಂದು ಅವರಲ್ಲೇ ವಾದ ಹತ್ತಿತು. ಮೊದಲು ಆಜ್ಞೆ ಆಮೇಲೆ ಮನಸ್ಸು ಎಂದೋ, ಮೊದಲು ಮನಸ್ಸು ಆಮೇಲೆ ಆಜ್ಞೆ ಎಂದೋ. ಹೊರಗೇರಿಯಿಂದ ಮಗಳು ಕಿರುಚಿದ್ದು ಬಾವಿಯ ತನಕ ಕೇಳಿಸಿತು. ಅವಳು ಮೂರನೆಯ ಸಲ ಬಾಯಿ ತೆರೆಯಲಿಲ್ಲ. ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಬಲಗಾಲನ್ನು ಎತ್ತಿ ಮೆಟ್ಟಿಲ ಮೇಲೆ ಇಟ್ಟಳು.

“ಏ, ಸರಿ! ಸರಿ ಅತ್ತ!”

ಕೂಗು ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಅಷ್ಟು ವರ್ಷದಲ್ಲಿ ಅವರು ಒಂದೇ ಮಾತನ್ನು ಒಟ್ಟಿಗೆ ಆಡಿದ್ದು ಅದೇ ಮೊದಲು. ಆಡಿದ ಮೇಲೆ ಅದು ಅವರ ಕಿವಿಗೂ ಬಿತ್ತು. ಇಬ್ಬರ ಮುಖವೂ ಬಿಳುಚಿಕೊಂಡಿತು. ಆ ಮಾತು ಕೇಳಿದ ಕೂಡಲೇ ಹಿಂದಕ್ಕೆ ಹೋಗುವುದು ಅವಳ ಕಾಲಿಗೆ ಹುಟ್ಟಿದಂದಿನಿಂದ ಬಂದ ರೂಢಿ. ಅವತ್ತು ಕಾಲು ಹಿಂದಕ್ಕೆ ಹೋಗಲಿಲ್ಲ. ಅವಳು ಅವರನ್ನೇ ನೋಡುತ್ತ ನಿಂತಳು, ಅವರು ಅವಳನ್ನೇ ನೋಡುತ್ತ ನಿಂತರು.

ಗುರುಗಳು ಅಷ್ಟಕ್ಕೇ ಕತೆ ನಿಲ್ಲಿಸಿದರು.

ಮರುಳಯ್ಯನ ನಗು ಯಾವಾಗಲೋ ಆರಿಹೋಗಿತ್ತು. ಆ ಹುಡುಗಿಯ ಕಿರುಚಾಟ ತನ್ನ ಕಿವಿಗೇ ಕೇಳಿಸಿದಂತೆ ಅವನಿಗೆ ಸಂಕಟವಾಗುತ್ತಿತ್ತು. “ಆಮೇಲೆ ಬುದ್ಧಿ? ಅವರು ಸರಿದರೋ ಇಲ್ಲವೋ? ಆ ಹುಡುಗಿ ಏನಾದಳು?”

ಗುರುಗಳು ಅವನ ಹೆಗಲಾಚೆಯೇ ನೋಡುತ್ತಿದ್ದರು. ಆಗ ಮರುಳಯ್ಯನಿಗೆ ಬೆನ್ನ ಹಿಂದೆ ಯಾರೋ ಏದುಸಿರು ಬಿಡುತ್ತಿರುವುದು ಕೇಳಿಸಿತು. ಕೂತಲ್ಲಿಂದಲೇ ಕತ್ತು ತಿರುಗಿಸಿದ.

ಕೆಂಚಮ್ಮ ನಿಂತಿದ್ದಳು. ಚಪ್ಪಡಿ ಕಲ್ಲಿನ ಹತ್ತಿರ ಅಲ್ಲ, ಅಂಗಳದ ಈಚೆ, ಹೊಸಿಲಿಗೆ ಎರಡು ಹೆಜ್ಜೆ ದೂರದಲ್ಲಿ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಹಸಿ ಸೌದೆಯ ಹೊರೆ. ಕತ್ತಿನ ನರ ಉಬ್ಬಿದ್ದವು. ಗುಡ್ಡ ಏರಿದ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಎರಡೂ ಕೈ ಹೊರೆಯ ಮೇಲಿದ್ದುದರಿಂದ ಒರೆಸಿಕೊಳ್ಳಲು ಆಗುತ್ತಿರಲಿಲ್ಲ. ಏನೋ ಹೇಳಲು ಬಾಯಿ ತೆರೆದು, ಮರುಳಯ್ಯನನ್ನು ನೋಡಿ, ಮತ್ತೆ ಮುಚ್ಚಿದಳು.

“ನಿನ್ನೆ ನಾನೇ ಅವಳಿಗೆ ಹೇಳಿದ್ದೆ” ಎಂದರು ಗುರುಗಳು. “ಇನ್ನು ಮೇಲೆ ಸೌದೆ ಒಳಗೇ ತಂದು ಇಳಿಸವ್ವಾ, ಒಳಗೇ ಕೂತು ಉಣ್ಣು ಎಂದು. ಇಷ್ಟು ವರ್ಷ ಹೇಳದೆ ಇದ್ದದ್ದು ನನ್ನ ತಪ್ಪು.”

ಮರುಳಯ್ಯನ ಎದೆ ಉಬ್ಬಿತು. ಎಂಟು ತಿಂಗಳಿಂದ ಅವನು ಕಾಯುತ್ತಿದ್ದ ಮಾತು ಅದು. ಮಡಿಲಲ್ಲಿದ್ದ ಜೋಳಿಗೆಯನ್ನು ತೆಗೆದು ಹೊಸಿಲ ಮೇಲೆ ಪಕ್ಕದಲ್ಲಿಟ್ಟ. ಇನ್ನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಕೊಟ್ರಯ್ಯನ ಮುಖ ಈಗ ಹೇಗಾದೀತು ಎಂದು ಅವನು ನೆನೆದುಕೊಂಡ. ಕೆಂಚಮ್ಮನ ಕಡೆಯಿಂದ ಮುಖ ತಿರುಗಿಸಿ, ಗುರುಗಳ ಕಡೆ ಬಾಗಿ, ಇನ್ನಷ್ಟು ಗಟ್ಟಿಯಾಗಿ ಕೂತ.

“ಹಾಗಾದರೆ ಅಪ್ಪಣೆ ಕೊಟ್ಟೇಬಿಟ್ಟಿರಿ! ಈಗ ನೀವೇ ಹೇಳಿ ಬುದ್ಧಿ, ನಾನೇ ತಾನೇ?”

ಗುರುಗಳು ಅವನ ಮುಖವನ್ನೇ ನೋಡುತ್ತ, ದನಿ ಎತ್ತದೆ ಹೇಳಿದರು:

“ಸರಿ, ಮರುಳಯ್ಯ.”