ಉಳ್ಳಾಗಡ್ಡಿ ಬಣ್ಣದ ಸೀರೆ

"ತಪ್ಪು ಕಣ್ಣಿಗೆ ಬಿದ್ದರೆ ಎಷ್ಟು ಹಿಂದಕ್ಕೆ ಹೋಗಿ ತಿದ್ದಬೇಕು, ಅಜ್ಜಾರೇ?" ಎಂದು ಅಡಿವೆಯ್ಯ ಕೇಳಿದ.

ಈ ಪ್ರಶ್ನೆಯ ಹಿಂದಿನ ಘಟನೆ ಗಂಭೀರವಾದದ್ದು. ಆ ದಿನ ಮಠದ ಬೆಳಗಿನ ಪಠಣದಲ್ಲಿ ಒಂದು ದೀರ್ಘಾಕ್ಷರ ಹ್ರಸ್ವವಾಗಿತ್ತು. ಸಾವುನೋವು ಸಂಭವಿಸಲಿಲ್ಲ. ಕೇಳುತ್ತ ಕೂತವರಲ್ಲಿ ಯಾರಿಗೂ ಅದು ಗೊತ್ತಾಗಲೂ ಇಲ್ಲ. ಆದರೆ ಪಠಿಸುತ್ತಿದ್ದ ಅಡಿವೆಯ್ಯನಿಗೆ ಹಾಗೆ ಅನಿಸಿತು. ಅನಿಸಿದ ಕೂಡಲೇ ನಿಲ್ಲಿಸಿ ಮೊದಲಿನಿಂದ ಶುರು ಮಾಡಿದ. ಅದೇ ಜಾಗಕ್ಕೆ ಬಂದಾಗ ಮತ್ತೆ ಅನುಮಾನ ಬಂತು; ಮತ್ತೆ ಮೊದಲಿನಿಂದ. ಮೂರನೆಯ ಸಲಕ್ಕೆ, ಪಠಣದ ನಂತರ ಎಲ್ಲರೂ ಕುಡಿಯಬೇಕಾದ ಗಂಜಿ ಆರಿತು. ನಾಲ್ಕನೆಯ ಸಲಕ್ಕೆ ಅದರ ಮೇಲೆ ಕೆನೆ ಕಟ್ಟಿತು. ಮಠದಲ್ಲಿ ಎಂಬತ್ತು ದಾಟಿದ ಹಿರಿಯರು ಮೂವರಿದ್ದರು. ಅವರಲ್ಲಿ ಇಬ್ಬರು ಕೂತಲ್ಲೇ ನಿದ್ದೆ ಹೋದರು, ಮೂರನೆಯವರು ಅಡಿವೆಯ್ಯನನ್ನು ನೋಡುತ್ತ ಕೂತರು. ಪಠಣ ಮುಗಿಯುವ ಹೊತ್ತಿಗೆ ಅವನಿಗೆ ದನಿ ಉಳಿದಿರಲಿಲ್ಲ. ನಾಳೆಯಿಂದ ಈ ಕೆಲಸ ಬೇರೆಯವರು ಮಾಡಲಿ ಎಂದು ಹೇಳುವುದಕ್ಕೇ ಅವನು ಗುರುಗಳಾದ ಅಜ್ಜಾರ ಬಳಿ ಬಂದಿದ್ದ. ಬಾಯಿಗೆ ಬಂದದ್ದು ಪ್ರಶ್ನೆ.

ಅಜ್ಜಾರೂ ಆರಿದ ಗಂಜಿಯನ್ನೇ ಕುಡಿದಿದ್ದರು. ಅವರು ಗೋಡೆಗೆ ಒರಗಿದರು, ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ಅಡಿವೆಯ್ಯ ಏಳುವುದರಲ್ಲಿದ್ದಾಗ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನಲವತ್ತು ವರ್ಷವಾಗಿತ್ತು. ಮೊಣಕಾಲು ಎರಡೂ ಹೋಗಿದ್ದವು. ಕುಣಿಗೆ ಇಳಿಯಬೇಕಾದರೆ ಹೆಂಡತಿಯ ಹೆಗಲು ಬೇಕು. ಮೇಲೆ ಬರಬೇಕಾದರೆ ಹೆಗಲೂ ಬೇಕು, ಅವಳ ಒಂದಷ್ಟು ಬೈಗುಳವೂ ಬೇಕು. ಇನ್ನೊಂದು ಸೀರೆ, ಆಮೇಲೆ ಸಾಕು ಎಂದು ಅವನು ತೀರ್ಮಾನಿಸಿದ. ಆ ಕೊನೆಯ ಸೀರೆಯಲ್ಲಿ ಒಂದು ಎಳೆಯೂ ತಪ್ಪಿರಬಾರದು ಎಂಬುದು ಅವನ ಆಸೆ. ಅಲ್ಲಿಯವರೆಗೆ ನೇಯ್ದ ಸೀರೆಗಳಲ್ಲಿ ಎಲ್ಲೆಲ್ಲಿ ಏನೇನು ತಪ್ಪಿತ್ತು ಎಂಬುದು ಅವನಿಗೆ ನೆನಪಿತ್ತು. ಉಟ್ಟವರಿಗೆ ಅದು ಗೊತ್ತಿರಲಿಲ್ಲ. ಅದರಿಂದ ಅವನಿಗೇನೂ ಸಮಾಧಾನವಾಗಿರಲಿಲ್ಲ.

ಹೆಂಡತಿ ನೀರಿಗೆ ಹೋಗಿದ್ದಾಗ ಪಕ್ಕದೂರಿನ ಒಬ್ಬ ಮುದುಕಿ ಬಂದಳು. ಸೊಸೆಗೆ ಉಳ್ಳಾಗಡ್ಡಿಯ, ಎಂದರೆ ಈರುಳ್ಳಿಯ, ಬಣ್ಣದ ಸೀರೆ ಬೇಕು ಎಂದಳು. ನೇಕಾರ ಆಗಲಿ ಎಂದ. ನಡೆದ ಮಾತು ಅಷ್ಟೇ.

ನೇಕಾರ ಬಣ್ಣಗಾರನ ಅಂಗಳಕ್ಕೆ ಹೋದ. ಸಂತೆಯಲ್ಲಿ ರಾಶಿ ಹಾಕಿದ ಉಳ್ಳಾಗಡ್ಡಿ ಬಿಸಿಲಿಗೆ ತಾಮ್ರದ ಹಾಗೆ ಕಾಣುತ್ತದಲ್ಲ, ಆ ಬಣ್ಣದ ನೂಲು ಅಲ್ಲಿ ಗಳುವಿನ ಮೇಲೆ ಒಣಗುತ್ತಿತ್ತು. ಅದನ್ನು ಬೆರಳು ಮಾಡಿ ತೋರಿಸಿ ತಂದ. ಮಗ್ಗದ ಮೇಲೆ ಉದ್ದಕ್ಕೆ ಬಿಗಿಯುವ ಹಾಸು ಬಿಳಿಯದು. ಲಾಳಿಯಲ್ಲಿ ಅಡ್ಡ ಓಡುವ ಹೊಕ್ಕು ಈ ತಾಮ್ರ. ಹೆಂಡತಿ ನೂಲನ್ನು ಕಂಡಿಕೆಗೆ ಸುತ್ತಿ ಸುತ್ತಿ ಕೊಟ್ಟಳು, ಅವನು ಅದನ್ನು ಲಾಳಿಗೆ ಹಾಕಿ ನೇಯ್ದ. ಪ್ರತಿ ಮೊಳಕ್ಕೂ ನಿಲ್ಲಿಸಿ ಬಗ್ಗಿ ನೋಡಿದ. ತಪ್ಪಿರಲಿಲ್ಲ.

ಸೀರೆ ಅರ್ಧ ದಾಟಿದಾಗ ನೂಲು ತೀರಿತು. ಆ ದಿನ ಮೊಣಕಾಲು ಹೆಚ್ಚು ನೋಯುತ್ತಿತ್ತು. ಒಮ್ಮೆ ಎದ್ದರೆ ಮತ್ತೆ ಇಳಿಯಲಾರೆ ಎಂದು ಹೆದರಿ ಕುಣಿಯಲ್ಲೇ ಕೂತು ಹೆಂಡತಿಯನ್ನು ಕಳಿಸಿದ. ಉಳ್ಳಾಗಡ್ಡಿ ಬಣ್ಣದ್ದು ತಾ ಎಂದ. ಅವಳು ತಂದಳು, ಸುತ್ತಿಕೊಟ್ಟಳು. ಅವನು ನೇಯ್ದ. ಮಗ್ಗದ ಮನೆಗೆ ಇದ್ದದ್ದು ಒಂದೇ ಬೆಳಕಿಂಡಿ. ಅದರೊಳಗಿಂದ ಬಿಸಿಲು ಇಳಿದು ಬಟ್ಟೆಯ ಮೇಲೆ ಬೀಳುವ ಹೊತ್ತಿಗೆ ಒಂದು ಮೊಳ ಆಗಿಹೋಗಿತ್ತು. ಆ ಮೊಳ ತಾಮ್ರವಾಗಿರಲಿಲ್ಲ. ನಸುಗೆಂಪಾಗಿತ್ತು, ಅದರಲ್ಲಿ ಒಂದಿಷ್ಟು ನೇರಳೆಯ ಛಾಯೆಯೂ ಇತ್ತು.

"ಇದೇನ ತಂದೀ?" ಎಂದು ನೇಕಾರ ಕೂಗಿದ.

"ನೀವ ಹೇಳಿದ್ರಲ್ಲ, ಉಳ್ಳಾಗಡ್ಡಿ ಬಣ್ಣ ಅಂತ."

"ಇದು ಉಳ್ಳಾಗಡ್ಡಿ ಆದರ, ಇಷ್ಟು ದಿನ ನಾ ನೇಯ್ದದ್ದು ಏನು?"

"ಗ್ವಾಡಿ ಕಟ್ಟೋ ಇಟ್ಟಂಗಿ ಬಣ್ಣ ಅಂದ್ಕೊಂಡಿದ್ದೆ. ಅರ್ಧ ಇಟ್ಟಂಗಿ, ಅರ್ಧ ಉಳ್ಳಾಗಡ್ಡಿ, ಏನೋ ಹೊಸಾ ನಮೂನಿ ಇರಬೇಕು ಅಂತ ಸುಮ್ಮನಿದ್ದೆ."

"ನಲವತ್ತು ವರ್ಷ ಮಗ್ಗದಾಗ ಕುಂತವಗ ಬಣ್ಣ ಕಲಿಸ್ತೀ?"

"ನಲವತ್ತು ವರ್ಷ ಉಳ್ಳಾಗಡ್ಡಿ ಹೆಚ್ಚಿದಾಕಿ ನಾನು. ನೀವು ಒಂದರ ಸುಲಿದೀರೇನ್ರೀ?"

ಇದು ಬಣ್ಣದ ಮಾತಲ್ಲ, ಮನೆಗೆಲಸದ ಬಗ್ಗೆ ಅವಳಿಗಿದ್ದ ಹಳೆಯ ತಕರಾರು ಎಂದು ನೇಕಾರ ತಿಳಿದ.

ಬಿಚ್ಚಲು ಕೂತ. ನೇಯ್ದದ್ದು ಅರ್ಧ ದಿನ, ಬಿಚ್ಚಿದ್ದು ಎರಡು ದಿನ. ನೇಯುವಾಗ ಕಾಲು ತಾನಾಗಿ ತುಳಿಯುತ್ತದೆ. ಬಿಚ್ಚುವಾಗ ಕೊನೆಗೆ ತುಳಿದದ್ದನ್ನು ಮೊದಲು ತುಳಿಯಬೇಕು. ಪ್ರತಿ ಎಳೆಗೂ ಕಾಲಿಗೆ ಹೇಳಿಕೊಡಬೇಕು. ಹಾಸು ತೆರೆದುಕೊಂಡಾಗ ಅಡ್ಡ ಎಳೆಯನ್ನು ಮೆಲ್ಲಗೆ ಹೊರಗೆಳೆಯಬೇಕು. ಕತ್ತರಿ ಹಾಕಿದರೆ ಬೇಗ ಆಗುತ್ತದೆ, ಆದರೆ ಕತ್ತರಿಗೆ ಹಾಸು ಯಾವುದು ಹೊಕ್ಕು ಯಾವುದು ಎಂದು ತಿಳಿಯುವುದಿಲ್ಲ. ಅವನು ಕತ್ತರಿ ಮುಟ್ಟಲಿಲ್ಲ. ಆದರೂ ಹಾಸಿನ ಎಳೆ ಹನ್ನೊಂದು ಕಡೆ ಹರಿದವು. ಹನ್ನೊಂದನ್ನೂ ಕಾಣದ ಹಾಗೆ ಗಂಟು ಹಾಕಿ ಕೂಡಿಸಿದ. ಮೊದಲ ದಿನ ಮೊಣಕಾಲು ನೋಯಿತು, ಎರಡನೆಯ ದಿನ ಸೊಂಟವೂ ಜೊತೆಗೆ ಸೇರಿತು. ಬಿಚ್ಚಿದ ನೂಲು ಜುಂಗೆದ್ದು ಸಿಕ್ಕುಸಿಕ್ಕಾಗಿತ್ತು. ಮತ್ತೆ ನೇಯುವ ಹಾಗಿರಲಿಲ್ಲ. ದಿಂಬಿಗೆ ತುಂಬಲು ಬರುತ್ತದೆ ಎಂದು ಹೆಂಡತಿ ಅದನ್ನು ಬುಟ್ಟಿಯಲ್ಲಿಟ್ಟಳು.

ನೂಲಿಗೆ ಈ ಸಲ ನೇಕಾರ ತಾನೇ ಕುಂಟುತ್ತ ಹೋದ. ಉಳ್ಳಾಗಡ್ಡಿ ಬಣ್ಣ ಎಂದ. ಸಿಪ್ಪೆಯದೋ ಒಳಗಿನದೋ ಎಂದು ಬಣ್ಣಗಾರ ಕೇಳಿದ. ಸಿಪ್ಪೆಯದು ಎಂದ ನೇಕಾರ. ಆ ಪ್ರಶ್ನೆ ಯಾಕೆ ಬಂತು ಎಂದು ನಿಂತು ಯೋಚಿಸಲು ಮೊಣಕಾಲು ಬಿಡಲಿಲ್ಲ.

ಸೀರೆ ಮುಗಿಯಿತು. ಅದನ್ನು ಅಂಗಳದ ಬಿಸಿಲಿಗೆ ಹರಡಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿ ನೋಡಿದ. ಗಂಟು ಹಾಕಿದ್ದು ಎಲ್ಲಿ ಎಂದು ಅವನಿಗೇ ಸಿಗಲಿಲ್ಲ. ಬಣ್ಣ ಎಲ್ಲಿಯೂ ಹೆಚ್ಚುಕಮ್ಮಿ ಇರಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ ಹೀಗಾಗಿತ್ತು. ಒಳಗೆ ಹೋಗಿ ಮಗ್ಗದ ಕುಣಿಗೆ ಹಲಗೆ ಮುಚ್ಚಿಸಿದ. ಹಲಗೆಯ ಮೇಲೆ ಚಾಪೆ ಹಾಸಿ ಮಲಗಿದ.

ಮುದುಕಿ ಬಂದಳು. ಸೀರೆಯನ್ನು ತೊಡೆಯ ಮೇಲೆ ಬಿಡಿಸಿ, ಮಡಿಕೆ ಮಡಿಕೆಯಾಗಿ ನೋಡಿದಳು.

"ನೇಯ್ಗಿ ಭಾಳ ಚೆಂದ ಬಂದೈತಿ, ಯಪ್ಪಾ," ಎಂದಳು. "ಇದು ಯಾರ ಸೀರಿ?"

"ನಿಮ್ಮದೇ ಅಲ್ಲೇನಬೇ."

"ನಾ ಹೇಳಿದ್ದು ಉಳ್ಳಾಗಡ್ಡಿ ಬಣ್ಣ."

ನೇಕಾರ ಸೆರಗನ್ನು ಎತ್ತಿ ಬೆಳಕಿಗೆ ಹಿಡಿದು ತೋರಿಸಿದ. ಅಷ್ಟರಲ್ಲಿ ಮುದುಕಿಯ ಕಣ್ಣು ಬಿಚ್ಚಿದ ನೂಲಿನ ಬುಟ್ಟಿಯ ಮೇಲೆ ಬಿತ್ತು.

"ಇಗಾ, ಇದು ನೋಡು! ಸುಲಿದು ಎರಡು ಹೋಳು ಮಾಡಿದಂಗ ಐತಿ. ಇಂಥಾ ನೂಲು ಮನಿಯಾಗ ಇಟ್ಕೊಂಡು ಮುದ್ದಿ ಮಾಡಿ ಒಗದೀಯಲ್ಲೋ, ಯಪ್ಪಾ!"

ಹೆಂಡತಿ ಒಳಗೆ ಅಡಿಗೆ ಮಾಡುತ್ತಿದ್ದಳು. ಅವಳಿಗೆ ಇದೆಲ್ಲ ಕೇಳಿಸಿತು. ಅವಳು ಹೊರಗೆ ಬರಲಿಲ್ಲ.

ಅಜ್ಜಾರು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಏನಾಯಿತು, ಅಜ್ಜಾರೇ?"

"ಏನಾಗುತ್ತದೆ? ಹಲಗೆ ತೆಗೆದ, ಕುಣಿಗೆ ಇಳಿದ. ಇನ್ನೊಂದು ಸೀರೆಗೆ ಇಪ್ಪತ್ತೆರಡು ದಿನ ಹಿಡಿಯಿತು. ಅದರಲ್ಲಿ ಮೂರು ಕಡೆ ಎಳೆ ತಪ್ಪಿತ್ತು. ಮುದುಕಿ ಹಿಗ್ಗಿ ತೆಗೆದುಕೊಂಡು ಹೋದಳು. ಮೊದಲಿನ ಸೀರೆಯನ್ನು ಹೆಂಡತಿ ಉಟ್ಟಳು."

ಅಡಿವೆಯ್ಯನಿಗೆ ತನ್ನ ಪ್ರಶ್ನೆ ಇದ್ದಲ್ಲೇ ಇದೆ ಅನಿಸಿತು.

"ಆದರೆ ಅವನು ಎಷ್ಟು ಹಿಂದಕ್ಕೆ ಹೋಗಬೇಕಾಗಿತ್ತು? ಆ ಒಂದು ಮೊಳ ಇಟ್ಟುಕೊಂಡು, ಮಿಕ್ಕ ಸೀರೆಯನ್ನೆಲ್ಲ ಬಿಚ್ಚಬೇಕಾಗಿತ್ತೇ?"

ಅಜ್ಜಾರು ಕಣ್ಣು ತೆರೆಯದೆ ಹೇಳಿದರು:

"ಮೊದಲ ಎಳೆಗಿಂತ ಒಂದು ಮಾತು ಹಿಂದಕ್ಕೆ ಹೋಗಿದ್ದರೆ ಸಾಕಿತ್ತು."

ಅಡಿವೆಯ್ಯ ಎದ್ದು, ಬೆಳಗ್ಗೆ ತನ್ನನ್ನೇ ನೋಡುತ್ತ ಕೂತಿದ್ದ ಹಿರಿಯರ ಬಳಿಗೆ, ನಾಳೆಯ ಪಠಣ ಹೇಗಿರಬೇಕು ಎಂದು ಕೇಳಲು ಹೋದ.